ಮೂರು ಮೂತಿಯ ಪ್ಲಗ್ಗು ಮತ್ತು ನನ್ನ ಬಲಗಾಲು

ಹೋದ ವಾರ ಜವರ ನನ್ನನ್ನು ‘ಸಾರ್’ ಅಂದುಬಿಟ್ಟ.

ಅದರಲ್ಲೇನು ಮಹಾ, ಮೇಷ್ಟ್ರನ್ನು ಸಾರ್ ಅನ್ನದೆ ಇನ್ನೇನಂತಾರೆ ಎಂದು ಬೆಂಗಳೂರಿನಲ್ಲಿ ಕೂತು ಓದುವವರು ಕೇಳಬಹುದು. ನಮ್ಮ ಮಂಡ್ಯ ಸೀಮೆಯವರು ಕೇಳುವುದಿಲ್ಲ. ಅವರ ಎದೆ ಆಗಲೇ ಧಸಕ್ಕೆಂದಿರುತ್ತದೆ. ಒಂದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಒಂದೇ ಬೆಂಚಿನಲ್ಲಿ ಕೂತವನು, ನಾನು ಮೇಷ್ಟ್ರಾದ ದಿನದಿಂದ ‘ಏನ್ಲಾ ಮೇಷ್ಟ್ರೇ’ ಅಂತಲೇ ಕರೆಯುತ್ತಿದ್ದವನು, ಇದ್ದಕ್ಕಿದ್ದಂತೆ ‘ಬನ್ನಿ ಸಾರ್, ಕೂತ್ಕಳಿ’ ಅಂದರೆ ಏನರ್ಥ? ಬಾಯಿಗೆ ಬಂದಂತೆ ಬೈದಿದ್ದರೆ ನಗುನಗುತ್ತಾ ಮನೆಗೆ ಬರುತ್ತಿದ್ದೆ.

ಜವರ ಅಂದರೆ ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡ್ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿರುವ ಸ್ಕೂಟರ್ ಮೆಕ್ಯಾನಿಕ್ಕು. ಊರಿಗೆಲ್ಲ ಜವರಣ್ಣ. ನನಗೊಬ್ಬನಿಗೆ ಜವರ. ನನ್ನ ಸೆಕೆಂಡ್‌ಹ್ಯಾಂಡ್ ಸ್ಕೂಟರನ್ನು ಇಷ್ಟು ವರ್ಷ ರಸ್ತೆಯ ಮೇಲೆ ಉಳಿಸಿರುವವನು ಅವನೇ. ಹೆಂಡತಿ ಎರಡು ದಿನ ಮಾತು ಬಿಟ್ಟರೆ ಹೇಗೋ ತಡೆದುಕೊಳ್ಳಬಹುದು. ಮೆಕ್ಯಾನಿಕ್ ಬಿಟ್ಟರೆ? (ಇದನ್ನು ವಸಂತಾ ಓದುತ್ತಾಳೆ. ಗೊತ್ತಿದ್ದೇ ಬರೆದಿದ್ದೇನೆ.)

ತಪ್ಪು ನನ್ನದು. ಆ ತಪ್ಪು ನಡೆದದ್ದು ಇದೇ ಪುಟದಲ್ಲಿ, ಇದೇ ಕಾಲಮ್ಮಿನಲ್ಲಿ, ನಿಮ್ಮೆಲ್ಲರ ಕಣ್ಣೆದುರಿಗೆ. ಆದ್ದರಿಂದ ಅದನ್ನು ಒಪ್ಪಿಕೊಳ್ಳುವುದೂ ಇಲ್ಲೇ ಆಗಬೇಕು. ಜವರನ ಒಳ್ಳೆಯ ಹೆಸರು ಹೋಗಿದ್ದು ನನ್ನ ಕೈಯಿಂದ. ಅದನ್ನು ವಾಪಸ್ ಕೊಡಬೇಕಾದವನೂ ನಾನೇ.

ಒಂದು ತಿಂಗಳು ಹಿಂದಕ್ಕೆ ಬನ್ನಿ.

ನನ್ನ ಸ್ಕೂಟರಿನ ಗುಣ ಹಳೆಯ ಓದುಗರಿಗೆ ಗೊತ್ತು. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಪಕ್ಕಕ್ಕೆ ವಾಲಿಸಿ, ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡು, ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯಬೇಕು. ಒಂದು, ಎರಡು, ಮೂರು. ಎದುರು ಮನೆಯ ಅಜ್ಜಿ ಜಗಲಿಯ ಮೇಲೆ ಕೂತು ಎಣಿಸುತ್ತಿದ್ದರು. ‘ಇವತ್ತು ಹದಿನಾಲ್ಕು ಕಣಪ್ಪ, ನಿನ್ನೆ ಹನ್ನೊಂದಕ್ಕೇ ಹತ್ತಿತ್ತು’ ಎಂದು ರೆಕಾರ್ಡ್ ಬೇರೆ ಒಪ್ಪಿಸುತ್ತಿದ್ದರು. ಪೆಟ್ರೋಲ್ ಕುಡಿಯುವುದರಲ್ಲಿ ಮಾತ್ರ ಅದು ಎಂದೂ ಹಿಂದೆ ಬಿದ್ದದ್ದಿಲ್ಲ.

ಇಂಥ ಗಾಡಿಯಲ್ಲಿ ಶ್ರೀರಂಗಪಟ್ಟಣಕ್ಕೆ (ನಮ್ಮ ಕಡೆಯವರ ಬಾಯಲ್ಲಿ ಬರೀ ‘ಪಟ್ಣ’) ಒಂದು ಮದುವೆಗೆ ಹೋದೆ. ಊಟ ಮುಗಿಸಿ ಹೊರಟವನು ಕ್ಲಚ್ ಕೇಬಲ್ ಕೊಳ್ಳೋಣವೆಂದು ಹೈವೇ ಪಕ್ಕದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ನುಗ್ಗಿದೆ. (ಅಂಗಡಿಯ ಹೆಸರು ಹೇಳುವುದಿಲ್ಲ. ಒಂದು ಸಲ ಹೇಳಿ ಆಗಿದೆ, ಅದೇ ಹೆಚ್ಚಾಯಿತು.) ಅಂಗಡಿಯವನು ಕೇಬಲ್ ಕಟ್ಟಿಕೊಡುತ್ತಾ ನನ್ನ ಸ್ಕೂಟರಿನ ಕಡೆ ನೋಡಿದ. ಆಸ್ಪತ್ರೆಯಲ್ಲಿ ಮಲಗಿರುವವರನ್ನು ನೋಡುತ್ತಾರಲ್ಲ, ಹಾಗೆ. ಆಮೇಲೆ ಗಾಜಿನ ಶೋಕೇಸಿನಿಂದ ಒಂದು ಮಿರಮಿರ ಮಿಂಚುವ ಪುಟ್ಟ ಡಬ್ಬಿ ತೆಗೆದ.

‘ಫಾರಿನ್ ಪ್ಲಗ್ಗು ಸಾರ್. ನಮ್ಮ ಪ್ಲಗ್ಗಿಗೆ ಒಂದೇ ಮೂತಿ. ಇದಕ್ಕೆ ಮೂರು ನೋಡಿ. ಪವರ್ ಮೂರು ಪಟ್ಟು ಅಂತ ನಾನು ಸುಳ್ಳು ಹೇಳಲ್ಲ. ಒಂದೂವರೆ ಪಟ್ಟು ಗ್ಯಾರಂಟಿ. ಮೈಲೇಜು ಲೀಟರಿಗೆ ಹತ್ತು ಕಿಲೋಮೀಟರ್ ಜಾಸ್ತಿ.’

ಗಮನಿಸಿದಿರಾ? ಮೂರು ಪಟ್ಟು ಅಂದಿದ್ದರೆ ನಾನು ನಕ್ಕು ಹೊರಡುತ್ತಿದ್ದೆ. ಅವನೇ ಅದನ್ನು ಸುಳ್ಳು ಎಂದು ಒಪ್ಪಿಕೊಂಡ. ಅಷ್ಟು ಪ್ರಾಮಾಣಿಕನಾದವನು ಒಂದೂವರೆ ಪಟ್ಟಿನ ವಿಷಯದಲ್ಲಿ ಸುಳ್ಳು ಹೇಳುತ್ತಾನೆಯೇ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಪ್ಲಗ್ಗಿನ ತುದಿಗೆ ಎಷ್ಟೇ ಮೂತಿ ಇರಲಿ, ಕಿಡಿ ಒಂದು ಸಲಕ್ಕೆ ಒಂದೇ ಕಡೆ ಹಾರುತ್ತದೆ ಎನ್ನುವುದು ನನಗೆ ಗೊತ್ತಿರಬೇಕಾದ ವಿಷಯ. ಗೊತ್ತೂ ಇತ್ತು. ಆದರೆ ಈಗ ದೇಶದ ಬಾಗಿಲು ತೆರೆದಿದೆ, ಹೊರಗಿನ ಸಾಮಾನು ನಮ್ಮ ಪಟ್ಟಣದ ಶೋಕೇಸಿಗೂ ಬಂದಿದೆ. ಡಬ್ಬಿಯ ಮೇಲೆ ನನಗೆ ಓದಲು ಬಾರದ ಅಕ್ಷರಗಳಿದ್ದವು. ಓದಲು ಬಾರದ್ದರ ಮೇಲೆ ನಮಗಿರುವ ಗೌರವ ಓದಿ ತಿಳಿದದ್ದರ ಮೇಲೆ ಇದೆಯೇ? ಕೊಂಡುಕೊಂಡೆ.

ಮರುದಿನ ಬೆಳಿಗ್ಗೆ ಜವರನ ಮುಂದೆ ಡಬ್ಬಿ ಹಿಡಿದೆ. ಅವನು ಪ್ಲಗ್ಗನ್ನು ಎರಡು ಬೆರಳಲ್ಲಿ ಎತ್ತಿ, ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನಂತೆ ತಿರುಗಿಸಿ ತಿರುಗಿಸಿ ನೋಡಿದ.

‘ಎಲ್ ತಂದ್ಲಾ ಇದ?’

‘ಪಟ್ಣದಲ್ಲಿ. ಫಾರಿನ್ನು.’

‘ಊಂ. ಗಾಡಿ ಬುಟ್ಟೋಗು. ಸಾಯಂಕಾಲ ಬಾ.’

ಒಂದು ಪ್ಲಗ್ಗು ಬಿಚ್ಚಿ ಇನ್ನೊಂದು ಹಾಕಲು ಎರಡು ನಿಮಿಷ ಸಾಕು. ಇವನು ಸಾಯಂಕಾಲದವರೆಗೆ ಏನು ಮಾಡುತ್ತಾನೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಶಾಲೆ ಬಿಟ್ಟ ಮೇಲೆ ಹೋದೆ. ಕಿಕ್ ಹೊಡೆದೆ. ಒಂದೇ ಕಿಕ್! ಹದಿನಾಲ್ಕಲ್ಲ, ಹನ್ನೊಂದಲ್ಲ, ಒಂದು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಜವರ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದು, ‘ಲೇ ಮೇಷ್ಟ್ರೇ, ಅದು ಏನಾಯ್ತು ಅಂದ್ರೆ...’ ಎಂದು ಬಾಯಿ ತೆರೆದ. ಕೇಳುವ ತಾಳ್ಮೆ ಯಾರಿಗಿತ್ತು? ನಾನು ಆಗಲೇ ಮೂರನೇ ಗೇರಿನಲ್ಲಿದ್ದೆ.

ಆ ಭಾನುವಾರ ವಸಂತಾಳನ್ನು ಹಿಂದೆ ಕೂರಿಸಿಕೊಂಡು ನಾಗಮಂಗಲದ ಮಾವನ ಮನೆಗೆ ಹೊರಟೆ. ಆ ದಾರಿಯಲ್ಲಿ ಒಂದು ಏರು ಇದೆ. ಮದುವೆಯಾದಾಗಿನಿಂದ ಆ ಏರಿನ ಬುಡದಲ್ಲಿ ವಸಂತಾ ತಾನಾಗಿ ಇಳಿಯುತ್ತಾಳೆ. ನಾನು ಗಾಡಿಯನ್ನು ಬುರ್ರೆನ್ನಿಸಿಕೊಂಡು ಮೇಲೆ ಹೋಗಿ ಕಾಯುತ್ತೇನೆ. ಅವಳು ಸೀರೆ ನೆರಿಗೆ ಎತ್ತಿ ಹಿಡಿದು ನಡೆದು ಬರುತ್ತಾಳೆ. ಇದು ನಮ್ಮ ಸಂಸಾರದ ಒಂದು ಪದ್ಧತಿ. ಅವತ್ತು ಅವಳು ಇಳಿಯಲು ರೆಡಿಯಾಗುವ ಹೊತ್ತಿಗೆ ಏರು ಮುಗಿದೇ ಹೋಗಿತ್ತು.

‘ಏನ್ರೀ, ಇವತ್ತು ಇಳಿಸಲೇ ಇಲ್ಲ?’ ಅಂದಳು. ದನಿಯಲ್ಲಿ ಆಶ್ಚರ್ಯವಿತ್ತು, ಸ್ವಲ್ಪ ಪ್ರೀತಿಯೂ ಇತ್ತು.

ಮೈಲೇಜಿನ ಲೆಕ್ಕವನ್ನೂ ಹಾಕಿದೆ. ಪಟ್ಟಣದವನು ಹೇಳಿದ್ದಕ್ಕೆ ಹತ್ತಿರಹತ್ತಿರ ಬಂತು. ಇನ್ನೇನು ಬೇಕು? ರಾತ್ರಿ ಊಟಕ್ಕೆ ಮುಂಚೆಯೇ ಕೂತು ಅಂಕಣ ಬರೆದು ಬಿಸಾಕಿದೆ. ಮೂರು ಮೂತಿಯ ಪ್ಲಗ್ಗನ್ನು ಹೊಗಳಿದೆ, ಅಂಗಡಿಯನ್ನು ಹೊಗಳಿದೆ, ನನ್ನ ಜಾಣತನವನ್ನೂ ಅಲ್ಲಲ್ಲಿ ಹೊಗಳಿಕೊಂಡೆ. ಕೊನೆಯ ಸಾಲು ಹೀಗಿತ್ತು: ‘ಒಂದು ಪ್ಲಗ್ಗಿನಲ್ಲಿ ಇಷ್ಟೆಲ್ಲ ಇದೆ ಎಂದಮೇಲೆ, ನಮ್ಮೂರ ಮೆಕ್ಯಾನಿಕ್ಕುಗಳು ಇಷ್ಟು ವರ್ಷ ಅದನ್ನು ನಮ್ಮಿಂದ ಮುಚ್ಚಿಟ್ಟಿದ್ದೇಕೆ?’

ನಮ್ಮಂಥ ಅಂಕಣಕಾರರ ಚಾಳಿ ಇದು. ಕೊನೆಗೊಂದು ಪ್ರಶ್ನೆ ಎಸೆದು ಕೈ ತೊಳೆದುಕೊಳ್ಳುವುದು. ಉತ್ತರ ಗೊತ್ತಿರಬೇಕೆಂದಿಲ್ಲ. ಪ್ರಶ್ನೆ ಚುರುಕಾಗಿದ್ದರೆ ಸಾಕು. ಅದು ಯಾರಿಗೆ ಹೋಗಿ ತಗಲುತ್ತದೆ ಎಂದು ಎದ್ದು ನೋಡುವ ಅಭ್ಯಾಸ ನಮಗಿಲ್ಲ.

ಅಂಕಣಕ್ಕೆ ಬಂದ ಮೆಚ್ಚುಗೆ ಅಷ್ಟಿಷ್ಟಲ್ಲ. ಪಾಂಡವಪುರದಿಂದ ಒಬ್ಬರು ಇನ್‌ಲ್ಯಾಂಡ್ ಲೆಟರಿನ ಮೂಲೆಮೂಲೆಗೂ ಬರೆದು, ನಾನು ಜನಪರ ಕೆಲಸ ಮಾಡಿದ್ದೇನೆ ಎಂದು ಹರಸಿದರು. ಪಟ್ಟಣದ ಅಂಗಡಿಯವನು ನನ್ನ ಬರಹ ಕತ್ತರಿಸಿ ಶೋಕೇಸಿನ ಗಾಜಿಗೆ ಅಂಟಿಸಿದನಂತೆ. ಕೆ.ಆರ್. ಪೇಟೆಯ ಜನ ಬಸ್ ಕಂಡಕ್ಟರ್ ಕೈಲಿ ಪ್ಲಗ್ಗು ತರಿಸಿಕೊಳ್ಳತೊಡಗಿದರು. ತರಿಸಿಕೊಂಡು ತಾವೇ ಸ್ಪ್ಯಾನರ್ ಹಿಡಿದು ಹಾಕಿಕೊಳ್ಳತೊಡಗಿದರು. ಇಷ್ಟು ಸುಲಭವಾದದ್ದಕ್ಕೆ ಜವರಣ್ಣ ಯಾಕೆ ಬೇಕು?

ಎಲ್ಲರಿಗಿಂತ ಮುಂದಿದ್ದವನು ಹಾಲಿನ ಚಲುವೇಗೌಡ. ಕಿಕ್ಕೇರಿ ಕಡೆಯ ಹಳ್ಳಿಯವನು. ಮೊಪೆಡ್ಡಿನ ಎರಡೂ ಪಕ್ಕ ಕ್ಯಾನ್ ಕಟ್ಟಿಕೊಂಡು ಪೇಟೆಯ ಹೋಟೆಲುಗಳಿಗೂ ನಮ್ಮಂಥ ಹತ್ತಿಪ್ಪತ್ತು ಮನೆಗಳಿಗೂ ದಿನಾ ಹಾಲು ತರುತ್ತಾನೆ. ಒಂದು ಬೆಳಿಗ್ಗೆ ಹಾಲು ಕೊಟ್ಟು ಮುಗಿಸಿ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರಿಂದ ಪ್ಲಗ್ಗು ಇಸಿದುಕೊಂಡು, ಅಲ್ಲೇ ಹಾಕಿಕೊಂಡು ಊರಿಗೆ ಹೋದ. ಮಾರನೆಯ ದಿನ ನಮ್ಮ ಬಾಗಿಲಲ್ಲೇ ಭಾಷಣ.

‘ಏನ್ ಪಿಕಪ್ಪು ಅಂತೀರಿ ಮೇಷ್ಟ್ರೇ! ಕುದ್ರೆ ಕಣೇಳಿ, ಕುದ್ರೆ! ನಮ್ಮೂರ ದಿಬ್ಬ ಅತ್ತಿದ್ದೇ ಗೊತ್ತಾಗ್ನಿಲ್ಲ.’

ಮನೆಮನೆಗೆ ಹಾಲಿನ ಜೊತೆ ಇದನ್ನೂ ಹಾಕಿಕೊಂಡು ಹೋದ.

ಇತ್ತ ಜವರನ ಶೆಡ್ಡಿನ ಮುಂದೆ ಗಾಡಿಗಳು ಕಡಿಮೆಯಾದವು. ಅದಕ್ಕಿಂತ ಹೆಚ್ಚಾಗಿ, ಅವನು ಟೀ ಕುಡಿಯಲು ಹೋದಲ್ಲೆಲ್ಲ ಮಾತು ಎದ್ದಿತು. ‘ಏನ್ ಜವರಣ್ಣ, ಇಷ್ಟು ವರ್ಸ ಬರೀ ಉಪ್ಪುಕಾಗ್ದ ಉಜ್ಜಿ ಉಜ್ಜಿ ನಮ್ನ ಯಾಮಾರ್ಸ್‌ಬುಟ್ಟಲ್ಲಾ. ಮೇಷ್ಟ್ರು ಪೇಪರ್ನಲ್ಲಿ ಬರ್ದವ್ರೆ ನೋಡು.’ ತಮಾಷೆಗೇ ಅಂದದ್ದು. ಆದರೆ ದಿನಾ, ಎಲ್ಲರೂ, ಅದನ್ನೇ ಅಂದರೆ? ಅವನು ಟೀ ಹೋಟೆಲಿಗೆ ಹೋಗುವುದನ್ನೇ ಬಿಟ್ಟ.

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಗಾಡಿ ಕೆಡದಿದ್ದರೆ ಮೆಕ್ಯಾನಿಕ್ ನೆನಪಾಗುವುದಿಲ್ಲವಲ್ಲ. ಒಂದು ತಿಂಗಳಾದ ಮೇಲೆ ಹೋದ ವಾರದ ಸೋಮವಾರ ಹಾರ್ನ್ ಸರಿಮಾಡಿಸಲು ಹೋದಾಗ ‘ಬನ್ನಿ ಸಾರ್’ ಬಂತು. ಸ್ಟೂಲು ಬೇರೆ ಒರೆಸಿಕೊಟ್ಟ. ಮೂವತ್ತು ವರ್ಷದಲ್ಲಿ ನಾನು ಆ ಶೆಡ್ಡಿನಲ್ಲಿ ಒರೆಸಿದ ಸ್ಟೂಲಿನ ಮೇಲೆ ಕೂತವನೇ ಅಲ್ಲ. ಹಾರ್ನ್ ಸರಿಮಾಡಿದ, ತಲೆಯೆತ್ತದೆ ಇನ್ನೊಂದು ಗಾಡಿಗೆ ಕೈ ಹಾಕಿದ. ಪಕ್ಕದ ಪಂಚರ್ ಅಂಗಡಿಯವನನ್ನು ಕೇಳಿದ ಮೇಲೆ ವಿಷಯ ತಿಳಿಯಿತು. ಮನೆಗೆ ಬಂದು ಆ ಹಳೆಯ ಅಂಕಣ ತೆಗೆದು ಕೊನೆಯ ಸಾಲು ಓದಿದೆ. ‘ಮುಚ್ಚಿಟ್ಟಿದ್ದೇಕೆ?’ ಎನ್ನುವ ಪ್ರಶ್ನೆ ಈಗ ಅಷ್ಟೇನೂ ಚುರುಕಾಗಿ ಕಾಣಲಿಲ್ಲ. ನನಗೆ ನಾಚಿಕೆಯಾಯಿತು. ಆದರೂ ಒಳಗೊಳಗೆ ಒಂದು ಮೊಂಡುತನ. ನಾನು ಬರೆದದ್ದು ಸುಳ್ಳಲ್ಲವಲ್ಲ? ಪ್ಲಗ್ಗಿನಿಂದ ಗಾಡಿ ಓಡುತ್ತಿರುವುದು ನಿಜ ತಾನೆ?

ಗುರುವಾರ ಬೆಳಿಗ್ಗೆ ಹಾಲು ಬರಲಿಲ್ಲ. ವಸಂತಾ ಎರಡು ಸಲ ಗೇಟಿನ ತನಕ ಹೋಗಿ ಬಂದಳು. ಬಿಸಿಲೇರಿದ ಮೇಲೆ ಚಲುವೇಗೌಡ ಕಾಣಿಸಿಕೊಂಡ, ತುಂಬಿದ ಕ್ಯಾನುಗಳ ಸಮೇತ ಮೊಪೆಡ್ಡನ್ನು ತಳ್ಳಿಕೊಂಡು. ಮೈಯೆಲ್ಲ ಬೆವರು.

‘ಕುದ್ರೆ ಮಲಗ್ಬುಡ್ತು ಮೇಷ್ಟ್ರೇ. ಒಂದು ವಾರದಿಂದ ಬೆಳಿಗ್ಗೆ ಬರೋವಾಗ ಟಕಟಕ ಅಂತ ಬಡ್ಕತಿತ್ತು. ಇವತ್ತು ಎಳೀನೇ ಇಲ್ಲ. ಓಟ್ಲಿನೋರು ಲೇಟಾಯ್ತು ಅಂತ ಆಲ ತಕ್ಕಳ್ನಿಲ್ಲ, ನಾಳೆಯಿಂದ್ಲೂ ಬ್ಯಾಡ ಅಂತಾವ್ರೆ.’

‘ಜವರಣ್ಣನ ಹತ್ತಿರ ಹೋಗಬೇಕಿತ್ತಪ್ಪ, ನನ್ನ ಹತ್ತಿರ ಬಂದರೆ?’

‘ಪ್ಲಗ್ಗು ಆಕ್ಕಳಿ ಅಂತ ಬರ್ದೋರು ನೀವಲ್ವಾ?’

ಹಾಲನ್ನು ನಮ್ಮ ಮನೆಯ ಪಾತ್ರೆಗಳಿಗೆಲ್ಲ ಬಗ್ಗಿಸಿ, ಇಬ್ಬರೂ ಸೇರಿ ಮೊಪೆಡ್ ತಳ್ಳಿಕೊಂಡು ಜವರನ ಶೆಡ್ಡಿಗೆ ಹೋದೆವು. ವಿಜ್ಞಾನದ ಮೇಷ್ಟ್ರು ಮೊಪೆಡ್ ತಳ್ಳುವುದನ್ನು ಪೇಟೆ ಬೀದಿಯೆಲ್ಲ ನೋಡಿತು. ಐದಾರು ಜನ ಹಿಂದೆಯೇ ಬಂದರು.

ಜವರ ನನ್ನ ಕಡೆ ನೋಡಲಿಲ್ಲ. ಪ್ಲಗ್ಗು ಬಿಚ್ಚಿ ಚಲುವೇಗೌಡನ ಮೂಗಿನ ಹತ್ತಿರ ಹಿಡಿದ. ಮೂರೂ ಮೂತಿ ವಿಭೂತಿ ಬಳಿದಷ್ಟು ಬೆಳ್ಳಗಿದ್ದವು.

‘ನೋಡು ಚಲುವಣ್ಣ. ಪ್ಲಗ್ಗಿನ ಮೂತಿ ಕಾಫಿಪುಡಿ ಬಣ್ಣ ಇರ್ಬೇಕು. ಕರ್ರಗಿದ್ರೆ ಮಸಿ ಕಟ್ಕಂಡದೆ ಅಂತ. ಬೆಳ್ಳಗಿದ್ರೆ ವಿಪರೀತ ಕಾಯ್ತಾ ಅದೆ ಅಂತ. ಒಂದೊಂದು ಗಾಡಿಗೆ ಒಂದೊಂದು ನಂಬರಿನ ಪ್ಲಗ್ಗು ಅಂತ ಇರ್ತದೆ. ಇದು ಯಾವ್ ಗಾಡೀದೋ ಏನೋ, ನಿನ್ ಗಾಡೀದಂತೂ ಅಲ್ಲ. ಕಾವ ಒರಗೆ ಬುಡಾಕಿಲ್ಲ. ಖಾಲಿ ಓಡ್ಸಿದ್ರೆ ಗೊತ್ತಾಗಾಕಿಲ್ಲ, ಭಾರ ಏರಿದ್ರೆ ಬಡ್ಕತದೆ. ಇನ್ನೊಂದು ವಾರ ಓಡ್ಸಿದ್ರೆ ಪಿಸ್ಟನ್ನೇ ತೂತು.’

ಖಾಲಿ? ನನ್ನ ತಲೆಯಲ್ಲಿ ಏನೋ ಮಿಂಚಿತು. ‘ಚಲುವೇಗೌಡ್ರೇ, ಆವತ್ತು ಕುದುರೆ ಥರ ಓಡಿತು ಅಂದಿರಲ್ಲ, ಆಗ ಕ್ಯಾನಿನಲ್ಲಿ ಹಾಲಿತ್ತಾ?’

‘ಆಲೆಲ್ಲ ಕೊಟ್ಟಾದ್ಮೇಲೆ ತಾನೇ ಪ್ಲಗ್ಗು ಆಕಿದ್ದು? ಖಾಲಿ ಕ್ಯಾನಲ್ಲೇ ಊರ್ಗೋದೆ.’ ಅಷ್ಟು ಹೇಳಿ ಅವನು ಹಣೆ ಚಚ್ಚಿಕೊಂಡ. ‘ಥತ್!’ ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನ ಮೊಂಡುತನ ಸುಮ್ಮನಿರಬೇಕಲ್ಲ? ‘ಸರಿಯಪ್ಪ, ಅವರು ಖಾಲಿ ಕ್ಯಾನಲ್ಲಿ ಓಡಿಸಿ ಮೋಸ ಹೋದರು. ನನ್ನ ಸ್ಕೂಟರಿನಲ್ಲೂ ಅದೇ ಪ್ಲಗ್ಗಿದೆಯಲ್ಲ? ವಸಂತಾಳನ್ನು ಕೂರಿಸಿಕೊಂಡು ನಾಗಮಂಗಲದ ಏರು ಹತ್ತಿದ್ದೇನೆ. ಅದು ಹೇಗೆ?’

ಜವರ ಸ್ಪ್ಯಾನರ್ ಕೆಳಗಿಟ್ಟ. ಒಳಗೆ ಹೋದ. ಗೋಡೆಯ ಮೇಲಿನ ದೇವರ ಪಟದ ಹಿಂದೆ ಕೈ ಹಾಕಿ ಒಂದು ಪುಟ್ಟ ಡಬ್ಬಿ ತಂದು ನನ್ನ ಅಂಗೈ ಮೇಲೆ ಇಟ್ಟ. ನನಗೆ ಓದಲು ಬಾರದ ಅದೇ ಅಕ್ಷರಗಳು. ತೆರೆದೆ. ನನ್ನ ಮೂರು ಮೂತಿಯ ಪ್ಲಗ್ಗು, ಅಂಗಡಿಯಲ್ಲಿ ಕೊಂಡ ದಿನ ಹೇಗಿತ್ತೋ ಹಾಗೇ ಮಿರಮಿರ ಮಿಂಚುತ್ತಿತ್ತು. ಅದರ ತಿರುಪಿನ ಎಳೆಗಳ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

‘ಇದು... ಹಾಕಲೇ ಇಲ್ವಾ?’

‘ಇಲ್ಲ.’

‘ಮತ್ತೆ ಈಗ ನನ್ನ ಗಾಡಿಯಲ್ಲಿರೋದು?’

‘ನಿನ್ನ ಅಳೇದೇ. ಉಪ್ಪುಕಾಗ್ದದಲ್ಲಿ ಉಜ್ಜಿ, ಹ್ಯಾಕ್ಸಾ ಬ್ಲೇಡಿನ ಚೂರು ತೂರ್ಸಿ ಗ್ಯಾಪ್ ಸರಿಮಾಡಿ ಆಕಿದ್ದೀನಿ.’

ಜವರನ ಪದ್ಧತಿ ನಿಮಗೆ ಹೇಳಬೇಕು. ಪ್ಲಗ್ಗಿಗೆ ಕೈ ಹಾಕಿದನೆಂದರೆ ಅವನು ಪ್ಲಗ್ಗಿಗೇ ನಿಲ್ಲಿಸುವವನಲ್ಲ. ಕೊಳಕು ಇಂಜಿನ್ನಿಗೆ ಪ್ಲಗ್ಗು ಹಾಕಿದರೆ ಅವನಿಗೆ ಊಟ ಸೇರುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಗಾಡಿ ಇಡೀ ದಿನ ಅವನ ಕೈಗೆ ಸಿಕ್ಕಿತ್ತು. ಅವತ್ತು ಸಾಯಂಕಾಲದವರೆಗೆ ಅದರ ಕಾರ್ಬೊರೇಟರ್ ತೊಳೆದಿದ್ದ. ಏರ್ ಫಿಲ್ಟರ್ ತೊಳೆದಿದ್ದ. ಸೈಲೆನ್ಸರ್ ಬಿಚ್ಚಿ ಬೆಂಕಿಯಲ್ಲಿ ಸುಟ್ಟು ಒಳಗಿನ ಮಸಿಯನ್ನೆಲ್ಲ ತಟ್ಟಿ ಉದುರಿಸಿದ್ದ. ಟಯರಿಗೆ ಗಾಳಿ ಹಾಕಿದ್ದ. ಇಷ್ಟನ್ನೂ ಮಾಡಿದವನು ಅವನು, ನಾನು ಹೊಗಳಿದ್ದು ಪ್ಲಗ್ಗನ್ನು. ಅದೂ ಗಾಡಿಯಲ್ಲಿ ಇಲ್ಲದ ಪ್ಲಗ್ಗನ್ನು!

‘ಅದೆಲ್ಲಾ ಇರ್ಲಿ’ ಎಂದ ಜವರ. ‘ಹಿಂದಿನ ಬ್ರೇಕು ಕಾದು ಕೆಂಡ ಆಗಿತ್ತು. ಯಾಕೇಳು? ಸ್ಕೂಟರ್ ತಕ್ಕಂಡ ದಿವ್ಸದಿಂದ ನೀನು ಬಲಗಾಲ ಬ್ರೇಕ್ ಪೆಡ್ಲು ಮೇಲೆ ಇಕ್ಕಂಡೇ ಓಡಿಸ್ತೀಯ. ಒಂದ್ ಕೈಲಿ ಆಕ್ಸಿಲರೇಟ್ರು ತಿರುವ್ತೀಯ, ಒಂದ್ ಕಾಲಲ್ಲಿ ಬ್ರೇಕು ಅಮುಕ್ತೀಯ. ಯಾವ್ ದೇಸದ ಪ್ಲಗ್ಗು ತಂದು ಆಕಿದ್ರೆ ತಾನೇ ಮೈಲೇಜು ಬತ್ತದ್ಲಾ? ಆವತ್ತು ಪೆಡ್ಲ ಸಡ್ಲ ಮಾಡಿ ನಿನ್ ಕಾಲಿನ ಭಾರಕ್ಕೆ ಬ್ರೇಕು ಇಡ್ಕಳ್ದಂಗೆ ಕೂರ್ಸಿದ್ದೀನಿ.’

‘ಸಾರ್’ ಹೋಗಿ ‘ಲಾ’ ಬಂದಿತ್ತು. ಕಿವಿಗೆ ತಂಪೆನಿಸಿತು. ಆದರೆ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

‘ಆವತ್ತೇ ಹೇಳಬಾರದಿತ್ತೇನೋ?’

‘ಏಳಾಣ ಅಂತಲೇ ಬಾಯಿ ತೆಗ್ದೆ. ಒಂದೇ ಕಿಕ್ಕಿಗೆ ಸ್ಟಾರ್ಟಾಯ್ತಲ್ಲ, ಆಗ ನಿನ್ ಮಕ ನೋಡ್ದೆ. ರಿಸಲ್ಟ್ ದಿವ್ಸ ಪಾಸಾದೆ ಅಂತ ಗೊತ್ತಾದಾಗ ಇತ್ತಲ್ಲ, ಅಂಗಿತ್ತು. ನಾಳೆ ಏಳುದ್ರಾಯ್ತು ಅಂದ್ಕಂಡೆ. ಅಷ್ಟ್ರಲ್ಲಿ ಪೇಪರ್ಗೆ ಬರ್ದ್‌ಬುಟ್ಟೆ.’

‘ಬರೆದ ಮೇಲಾದರೂ ಹೇಳಬಹುದಿತ್ತು.’

‘ಎಂಗ್ಲಾ ಏಳಾದು? ಊರೋರೆಲ್ಲಾ ಓದವ್ರೆ. ಮೇಷ್ಟ್ರು ಗಾಡೀಲಿ ಆ ಪ್ಲಗ್ಗೇ ಇಲ್ಲ ಅಂತ ನಾನಂದಿದ್ರೆ ನಿನ್ ಮಾನ ಉಳೀತಿತ್ತಾ? ಇಸ್ಕೂಲಲ್ಲಿ ಐಕ್ಳು ಬುಡ್ತಿದ್ರಾ ನಿನ್ನ?’

ಒಂದು ತಿಂಗಳು ಊರವರ ಮಾತನ್ನೆಲ್ಲ ಅವನು ಸುಮ್ಮನೆ ಕೇಳಿಸಿಕೊಂಡಿದ್ದ. ದೇವರ ಪಟದ ಹಿಂದಿನಿಂದ ಆ ಡಬ್ಬಿ ತೆಗೆದು ತೋರಿಸಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ತೆಗೆಯಲಿಲ್ಲ. ತನ್ನ ಹೆಸರು ಹೋಗಲು ಬಿಟ್ಟು ನನ್ನ ಹೆಸರು ಉಳಿಸಿದ್ದ. ಅವನ ಗ್ರೀಸಿನ ಕೈಯನ್ನು ಹಾಗೇ ಹಿಡಿದುಕೊಂಡು ನಿಂತೆ.

‘ಪ್ಲಗ್ಗು ಒಗ್ಳಿದ್ದಕ್ಕೆ ಬೇಜಾರಿಲ್ಲ ಕಣ್ಲಾ’ ಎಂದ. ‘ಕೊನೇಲಿ ಮುಚ್ಚಿಟ್ರು ಅಂದೆಯಲ್ಲ, ಅದು ಎದೆ ಒಳೀಕ್ ಓಯ್ತು.’

ಕ್ಷಮಿಸು ಅಂದೆ. ಎಲ್ಲರ ಎದುರಿಗೇ ಅಂದೆ. ಅವನು ‘ಬುಡು ಬುಡು, ಟೀ ಏಳು’ ಅಂದ.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಹಿಂದೆ ಬಂದಿದ್ದ ಐದಾರು ಜನರಲ್ಲಿ ಮೂವರ ಗಾಡಿಯಲ್ಲಿ ಆ ಪ್ಲಗ್ಗಿತ್ತು. ‘ಇದ ತೀರ್ಮಾನ ಮಾಡೇ ಬುಡಾಣ’ ಎಂದು ಹಟ ಹಿಡಿದರು. ಹಾಗಾಗಿ ಮೊನ್ನೆ ಭಾನುವಾರ ಬೆಳಿಗ್ಗೆ ಕಿಕ್ಕೇರಿ ರಸ್ತೆಯಲ್ಲಿ ನಮ್ಮ ಪ್ರಯೋಗ ನಡೆಯಿತು. ಎಂಟನೇ ಕ್ಲಾಸಿನ ಮಕ್ಕಳಿಗೆ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುವ ಪಾಠ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಉಳಿದದ್ದೆಲ್ಲ ಹಾಗೇ ಇರಲಿ. ಮೊದಲ ಬಾರಿಗೆ ನಾನೇ ಅದನ್ನು ಪಾಲಿಸಿದೆ.

ಚಲುವೇಗೌಡನ ಮೊಪೆಡ್ಡು. ಸವಾರನೂ ಅವನೇ. ಕ್ಯಾನಿನ ತುಂಬ ನೀರು. ಹ್ಯಾಂಡಲ್ಲಿಗೆ ಆಸ್ಪತ್ರೆಯ ಖಾಲಿ ಗ್ಲೂಕೋಸ್ ಬಾಟಲು ನೇತುಹಾಕಿ, ಅಳೆದ ಪೆಟ್ರೋಲು ಸುರಿದು, ಅದರಿಂದಲೇ ಕಾರ್ಬೊರೇಟರಿಗೆ ಪೈಪು. ಮೈಲೇಜು ನೋಡಲು ಮೆಕ್ಯಾನಿಕ್ಕುಗಳು ಬಳಸುವ ಹಳೆಯ ಉಪಾಯ. ಗಾಡಿ ಎಲ್ಲಿ ನಿಂತಿತೋ ಅಲ್ಲಿ ರಸ್ತೆಗೆ ಸುಣ್ಣದ ಗೆರೆ. ಮೂರು ಓಟ: ಮೊದಲು ಚಲುವೇಗೌಡನ ಹಳೆಯ ಪ್ಲಗ್ಗನ್ನೇ ಉಜ್ಜಿ ಹಾಕಿ. ಆಮೇಲೆ ಅದೇ ನಂಬರಿನ ಹೊಸ ಸಾದಾ ಪ್ಲಗ್ಗು. ಕೊನೆಗೆ ಮೂರು ಮೂತಿಯ ದೊರೆ.

ಹಳೆಯದಕ್ಕೂ ಹೊಸ ಸಾದಾ ಪ್ಲಗ್ಗಿಗೂ ಇದ್ದ ಅಂತರ, ಒಂದು ಎಮ್ಮೆ ಅಡ್ಡ ನಿಂತರೆ ತುಂಬಿಹೋಗುವಷ್ಟು. ಮೂರು ಮೂತಿಯದು ಆ ಎರಡೂ ಗೆರೆ ಮುಟ್ಟುವ ಮೊದಲೇ, ಟಕಟಕ ಬಡಿದುಕೊಂಡು, ಒಂದು ಹುಣಸೆಮರದ ಕೆಳಗೆ ನಿಂತಿತು.

‘ಪ್ಲಗ್ಗು ಅಂದ್ರೆ ಬೆಂಕಿಕಡ್ಡಿ ಇದ್ದಂಗೆ’ ಎಂದು ಜವರ ಎಲ್ಲರಿಗೂ ವಿವರಿಸಿದ. ‘ಕಡ್ಡಿ ನೆಂದಿದ್ರೆ ಒಲೆ ಅತ್ತಾಕಿಲ್ಲ, ಸವ್ದೋಗಿದ್ರೆ ಬದಲಾಯಿಸ್ಬೇಕು, ಅದು ದಿಟ. ಅತ್ತಿದ ಮ್ಯಾಕೆ ಅನ್ನ ಬೇಯ್ಸಾದು ಸೌದೆ. ಚಿನ್ನದ ಕಡ್ಡಿ ಗೀರಿದ್ರೂ ಅಕ್ಕಿ ಬೇಗ ಬೇಯಾಕಿಲ್ಲ.’

ನನ್ನ ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಇಷ್ಟು ಚೆನ್ನಾಗಿ ಯಾಕೆ ಬರೆದಿಲ್ಲ? ಆ ಫಾರಿನ್ ಪ್ಲಗ್ಗು ಅದರದೇ ಗಾಡಿಯಲ್ಲಿ ಒಳ್ಳೆಯ ಕೆಲಸ ಮಾಡುತ್ತಿರಬಹುದು. ಅದರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಗಾಡಿಗೆಂದು ಹೇಳಿದ ನಂಬರಿನ ಪ್ಲಗ್ಗು ಹಾಕಿ, ಆಗಾಗ ಉಜ್ಜಿ, ಗ್ಯಾಪ್ ನೋಡಿಸಿ. ಅದಕ್ಕಿಂತ ಹೆಚ್ಚಿನ ಪವರು ಡಬ್ಬಿಯೊಳಗೆ ಸಿಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಮೂರು ಮೂತಿಯದಿದ್ದರೆ ಜವರಣ್ಣನಿಗೆ ತೋರಿಸಿ. ಇದು ಜಾಹೀರಾತಲ್ಲ, ಪ್ರಾಯಶ್ಚಿತ್ತ.

ಪಟ್ಟಣದ ಅಂಗಡಿಗೂ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಗಾಜಿನ ಮೇಲಿನ ನನ್ನ ಬರಹ ಕಿತ್ತುಹಾಕಿ ಎಂದೆ. ಹೊಸದಾಗಿ ಇನ್ನೊಂದು ಬರೆಯುತ್ತಿದ್ದೇನೆ ಎಂದೂ ಹೇಳಿದೆ. ‘ಬರೀರಿ ಸಾರ್, ಪಕ್ಕದಲ್ಲೇ ಅಂಟಿಸ್ತೀನಿ’ ಎಂದು ಖುಷಿಯಿಂದ ಹೇಳಿದ. ಅವನ ವ್ಯಾಪಾರ ಬೆಳೆಯಲಿ.

ಮನೆಯಲ್ಲಿ ವಸಂತಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಜವರನ ದೊಡ್ಡತನಕ್ಕೆ ತಲೆದೂಗಿದಳು. ಚಲುವೇಗೌಡನ ಖಾಲಿ ಕ್ಯಾನಿಗೆ ನಕ್ಕಳು. ಬಲಗಾಲಿನ ವಿಷಯ ಬಂದಾಗ ನಗು ನಿಂತಿತು.

‘ಅಂದ್ರೆ ಇಷ್ಟು ವರ್ಷ ನಾನು ಆ ನಾಗಮಂಗಲದ ಏರು ನಡ್ಕೊಂಡು ಹತ್ತಿದ್ದು ನಿಮ್ಮ ಕಾಲಿನಿಂದಾನಾ?’

(ಎರಡು ದಿನದಿಂದ ಮನೆಯಲ್ಲಿ ಮಾತು ಕಡಿಮೆ.)

ಈ ಸಲ ಬರೆದದ್ದನ್ನು ಪತ್ರಿಕೆಗೆ ಕಳಿಸುವ ಮೊದಲು ಜವರನ ಕೈಗೆ ಕೊಟ್ಟೆ. ಅವನು ಕೈ ಒರೆಸಿಕೊಂಡು, ಒರೆಸದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿದ. ಕೊನೆಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

‘ಕೊನೇಲಿ ಪ್ರಶ್ನೆ ಎಲ್ಲಿ?’

‘ಈ ಸಲ ಬೇಡ ಅಂತ ಬಿಟ್ಟೆ ಕಣೋ. ಯಾರಿಗಾದರೂ ತಗಲಿದರೆ?’

‘ಪ್ರಶ್ನೆ ಇಲ್ದಿದ್ರೆ ನೀನ್ ಬರ್ದಂಗೇ ಇರಾಕಿಲ್ಲ. ತಗಲೋ ಅಂಥದ್ದೇ ಕೇಳು, ಆದ್ರೆ ಕೇಳೋವಾಗ ನಿನ್ನೂ ಸೇರ್ಸ್ಕಂಡು ಕೇಳು. ಗಾಡಿ ಓಡ್ತಿಲ್ಲ ಅಂತ ಪ್ಲಗ್ಗ ಬಯ್ಯೋರೆಲ್ಲಾ ಒಂದ್ಸಲ ಬಗ್ಗಿ ಕೆಳೀಕೆ ನೋಡ್ಲಿ ಅನ್ನು.’

ನಾನು ಬಗ್ಗಿ ನೋಡಿಕೊಂಡಿದ್ದೇನೆ. ನಿಮ್ಮ ಬಲಗಾಲು ಎಲ್ಲಿದೆ?